ಕಾಲುವೆ ದಾರಿ

ದನಗಳನ್ನೆಲ್ಲ ಎರಡು ದಿನದೊಳಗೆ ಹೊಳೆಯಾಚೆ ಸಾಗಿಸಬೇಕು ಎಂಬ ಆಜ್ಞೆ ಬಂದಾಗ ಅತ್ತೆ ಬೆಣ್ಣೆ ತೊಳೆಯುತ್ತಿದ್ದಳು. ಕಾಗದ ತಂದ ಪೇದೆ ಅಂಗಡಿಯ ಬಾಗಿಲಲ್ಲೇ ನಿಂತು ಅದನ್ನು ಎರಡು ಸಲ ಓದಿದ. ಅತ್ತೆ ಕೈ ನಿಲ್ಲಿಸಲಿಲ್ಲ. ಬೆಣ್ಣೆಯ ಮುದ್ದೆಯನ್ನು ತಣ್ಣೀರಿನಲ್ಲಿ ಮಗುಚಿ, ಒತ್ತಿ, ಮಜ್ಜಿಗೆಯ ಕೊನೆಯ ಹನಿಯೂ ಹೋಗುವವರೆಗೆ ತೊಳೆದು, ಆಮೇಲೆ ತಲೆಯೆತ್ತಿದಳು.

“ಅಲ್ಲಿ ಹಾಲು ಕರೆಯೋರು ಯಾರಪ್ಪ?”

“ಅದೆಲ್ಲ ಇದರಲ್ಲಿ ಬರೆದಿಲ್ಲ ಕಣಮ್ಮ.”

“ಹಸು ಅಂತ ಬರೆದಿದ್ದಾರೆ, ಕೆಚ್ಚಲು ಅನ್ನೋದು ಮರೆತರೇನೋ.”

ಪೇದೆಗೆ ನಗು ಬಂತು. ಆದರೆ ಅವನಿಗೆ ಇನ್ನೂ ಮೂರು ಬೀದಿ ಬಾಕಿ ಇತ್ತು. ಕಾಗದವನ್ನು ಒದ್ದೆಯಿಲ್ಲದ ಜಾಗ ಹುಡುಕಿ ಇಟ್ಟು ಹೊರಟುಹೋದ.

ಬೀದಿಯ ತುದಿಯ ಆ ಹಾಲಿನಂಗಡಿ ಮೂರು ತಲೆಮಾರಿನದು. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಹದಿನಾಲ್ಕು ಹಸುಗಳ ಕೊಟ್ಟಿಗೆ. ಮಾವ ತೀರಿಕೊಂಡ ಮೇಲೆ ಅತ್ತೆಯೂ ಅವಳ ಒಬ್ಬನೇ ಮಗನೂ ಅದನ್ನು ನಡೆಸಿದರು. ಪಾತ್ರೆಯನ್ನು ಒಂದು ಸಲ ಓರೆ ಮಾಡಿ ನೋಡಿದರೆ ಸಾಕು, ಹಾಲಿನಲ್ಲಿ ಎಷ್ಟು ಕೆನೆ ಇದೆ ಎಂದು ಅತ್ತೆ ಹೇಳಿಬಿಡುತ್ತಿದ್ದಳು. ಅದಕ್ಕೇ ಬೀದಿಯವರು ಅವಳನ್ನು ಕೆನೆಯಮ್ಮ ಎನ್ನುತ್ತಿದ್ದರು. ಮಗ ಮಾತಿನಲ್ಲಿ ಬಲು ಜಿಪುಣ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕೂತರೆ ನಾರು ಹೊಸೆಯುತ್ತಿದ್ದ, ನಿಂತರೆ ಏನಾದರೂ ಉಜ್ಜುತ್ತಿದ್ದ. ಮದುವೆಯಾಗಿ ಎಂಟು ತಿಂಗಳಿಗೆ ಯುದ್ಧಕ್ಕೆ ಕರೆ ಬಂತು. ಅಂದಿನಿಂದ ತಳ್ಳುಗಾಡಿಯಲ್ಲಿ ಹಾಲಿನ ಕ್ಯಾನುಗಳನ್ನಿಟ್ಟುಕೊಂಡು ಮನೆಮನೆಗೆ ಹೋಗುವ ಕೆಲಸ ಸೊಸೆಯದಾಯಿತು.

ಅವನ ಕಾಗದ ತಿಂಗಳಿಗೊಂದು ಬರುತ್ತಿತ್ತು. ಅತ್ತೆಗೆ ಓದು ಬರುತ್ತಿರಲಿಲ್ಲ. ಸೊಸೆ ಅಂಗಡಿಯಲ್ಲೇ ನಿಂತು ಗಟ್ಟಿಯಾಗಿ ಓದಬೇಕು. ಹಾಲಿಗೆ ಬಂದವರೂ ಪಾತ್ರೆ ಹಿಡಿದುಕೊಂಡೇ ಕಿವಿಗೊಡುತ್ತಿದ್ದರು. ಮೊಂಡಿ ಒದೆಯುವುದು ಬಿಟ್ಟಳೇ, ಬಿಳಿಗಾಲಿ ಗಬ್ಬವಾದಳೇ, ಕೆನೆ ತೆಗೆಯುವ ಯಂತ್ರದ ಹಿಡಿಗೆ ಎಣ್ಣೆ ಹಾಕುತ್ತಿದ್ದೀರಾ, ಇಷ್ಟೇ. ಹದಿನಾಲ್ಕು ಹಸುಗಳ ಯೋಗಕ್ಷೇಮ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಸೊಸೆಯ ಸರದಿ. ‘ನೀನು ಆರೋಗ್ಯವಾಗಿದ್ದೀ ಎಂದು ನಂಬಿದ್ದೇನೆ.’ ಎದುರುಮನೆಯಾಕೆ ಒಮ್ಮೆ, “ನೀನು ಹದಿನೈದನೆಯವಳು ಬಿಡು” ಎಂದು ತಮಾಷೆ ಮಾಡಿದಳು. ಸೊಸೆಯೂ ಎಲ್ಲರ ಜೊತೆ ನಕ್ಕಳು. ನಕ್ಕು, ಒಳಗೆ ಹೋಗಿ, ಸೋಸುವ ಬಟ್ಟೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒಗೆದಳು. ಎಂಟು ತಿಂಗಳಲ್ಲಿ ಅವನು ಆಡಿದ ಮಾತುಗಳನ್ನೆಲ್ಲ ನೆನೆದುಕೊಂಡರೂ ಒಂದು ಮಧ್ಯಾಹ್ನಕ್ಕೆ ಸಾಲುತ್ತಿರಲಿಲ್ಲ.

ಕಡೆಯ ಕಾಗದದಲ್ಲಿ ರಜೆ ಸಿಗಬಹುದು ಎಂದು ಬರೆದಿದ್ದ. ಯಾವಾಗ ಎಂದು ಬರೆದಿರಲಿಲ್ಲ.

“ಅತ್ತೆ, ನಾವು ಹೋದಮೇಲೆ ಅವರು ಬಂದುಬಿಟ್ಟರೆ?”

“ರಜೆ ಅನ್ನೋದು ಕೈಗೆ ಸಿಕ್ಕಮೇಲೇ ನಿಜ. ಹಸು ಕೊಟ್ಟಿಗೇಲೇ ಉಳಿದರೆ ಸೈನ್ಯದೋರು ಹೊಡ್ಕೊಂಡು ಹೋಗ್ತಾರೆ. ಆಮೇಲೆ ಬಂದೋನಿಗೆ ಏನು ತೋರಿಸ್ತೀಯ?”

ಸೊಸೆ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಹೊಳೆಯಾಚೆ ಹೋಗಿದ್ದೇವೆ’ ಎಂದು ಬರೆದಳು. ಪಕ್ಕದ ಗಡಿಯಾರ ರಿಪೇರಿಯ ತಾತನಿಗೂ ಹೇಳಿದಳು. ಊರೆಲ್ಲ ಖಾಲಿಯಾಗುತ್ತಿದ್ದರೂ ಆತ ಹೊರಡುವವನಾಗಿರಲಿಲ್ಲ. “ಎಪ್ಪತ್ತು ಗಡಿಯಾರ ಇವೆ ನನ್ನ ಹತ್ತಿರ. ಯಾರಾದ್ರೂ ಕೀಲಿ ಕೊಡಬೇಕಲ್ಲ” ಎಂದು ನಕ್ಕ.

ಹೊಳೆಯ ಸೇತುವೆ ದಾಟಿದಲ್ಲಿ ಒಬ್ಬ ಗುಮಾಸ್ತ ಮೇಜು ಹಾಕಿಕೊಂಡು ಕೂತಿದ್ದ. ಹೆದ್ದಾರಿ ಹಿಡಿದು ನೇರ ಹೋಗಿ, ಕೊನೆಗೆ ದನಗಳ ಸರ್ಕಾರಿ ಶಿಬಿರ ಸಿಗುತ್ತದೆ ಎಂದ. ಹೆದ್ದಾರಿಗೆ ಹೊಸದಾಗಿ ಜಲ್ಲಿ ಸುರಿದಿದ್ದರು. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಹಸುಗಳು ಬೆದರಿ ಬದಿಗೆ ಸರಿಯುವುದು, ಜಲ್ಲಿ ತುಳಿಯುವುದು. ಎರಡನೆಯ ದಿನಕ್ಕೆ ಮೊಂಡಿಯ ಮುಂಗಾಲಿನ ಗೊರಸು ಸೀಳಿ ರಕ್ತ ಬಂತು. ಕಾಲುವೆಯ ಏರಿಯೊಂದು ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗುವ ಕಡೆ ಸೊಸೆ ನಿಂತುಬಿಟ್ಟಳು.

“ಅತ್ತೆ, ಈ ದಾರೀಲಿ ಹೋಗೋಣ. ಮೆತ್ತನೆ ಮಣ್ಣಿದೆ, ನೀರಿದೆ, ಹುಲ್ಲಿದೆ.”

“ಗುಮಾಸ್ತ ಆ ಕಡೆ ಅಂದನಲ್ಲೇ?”

“ಗುಮಾಸ್ತ ಬೂಟು ಹಾಕ್ಕೊಂಡಿದ್ದ.”

ಅತ್ತೆ ಮೊಂಡಿಯ ಕಾಲನ್ನು ಎತ್ತಿ ನೋಡಿದಳು. ಮುಂದಿನ ಹಸುವಿನ ಹಗ್ಗವನ್ನು ಬಲಕ್ಕೆ ಜಗ್ಗಿದಳು.

ಕಾಲುವೆ ದಾರಿಯಲ್ಲಿ ಐದು ದಿನ ನಡೆದರು. ಬೆಳಿಗ್ಗೆ ಸಂಜೆ ಹಾಲು ಕರೆಯಲೇಬೇಕು. ಕರೆದ ಹಾಲನ್ನು ಏನು ಮಾಡುವುದು? ಊರು ಬಿಟ್ಟು ಬಂದವರು ಏರಿಯ ಉದ್ದಕ್ಕೂ ಕೂತಿರುತ್ತಿದ್ದರು. ಮೊದಲ ಸಂಜೆ ಒಬ್ಬಳು ಮಗುವನ್ನೆತ್ತಿಕೊಂಡು ಬಂದು ಸುಮ್ಮನೆ ನಿಂತಳು. ಅಂಗಡಿಯಲ್ಲಿ ಅಳತೆಗಿಂತ ಒಂದು ತೊಟ್ಟು ಹೆಚ್ಚು ಹಾಕದ ಅತ್ತೆ ಅವಳ ಚೊಂಬನ್ನು ಕಂಠಮಟ್ಟ ತುಂಬಿಸಿದಳು. ಆಮೇಲೆ ಸಾಲೇ ನಿಂತಿತು. ಕೆಟಲು ತಂದವರು, ಟೊಪ್ಪಿಗೆ ಒಡ್ಡಿದವರು, ಹೂದಾನಿ ಹಿಡಿದ ಮುದುಕ. “ಇದರಲ್ಲಿ ಹಾಕಿದ್ರೆ ಹಾಲು ಅರಳುತ್ತೇನಪ್ಪ?” ಎಂದು ಅತ್ತೆ ಕೇಳಿದ್ದಕ್ಕೆ ಸಾಲಿನವರೆಲ್ಲ ನಕ್ಕರು. ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ಸೊಸೆ ಕೇಳಿ ಬಹಳ ದಿನವಾಗಿತ್ತು.

ದಾರಿಯಲ್ಲಿ ಸಮವಸ್ತ್ರ ಕಂಡಲ್ಲೆಲ್ಲ ಅವಳ ಕಣ್ಣು ಓಡುತ್ತಿತ್ತು. ಒಮ್ಮೆ ಕಾಲುವೆಯಾಚೆ ನಾಲ್ವರು ಸಿಪಾಯಿಗಳು ಹೋಗುತ್ತಿದ್ದರು. ಒಬ್ಬನ ಹೆಗಲ ಇಳುಕಲು ಗಂಡನದೇ. ಅವಳು ಹಗ್ಗ ಬಿಟ್ಟು ಏರಿಯ ಮೇಲೆ ಓಡಿದಳು. ಆ ಸಿಪಾಯಿ ತಿರುಗಿದ. ಮೀಸೆ ಕೂಡ ಸರಿಯಾಗಿ ಬಾರದ ಮುಖ. ಏನು ಬೇಕು ಎನ್ನುವಂತೆ ಕೈಯಾಡಿಸಿದ. ಏನೂ ಇಲ್ಲ ಎಂದು ಅವಳೂ ಕೈಯಾಡಿಸಿದಳು.

ಕಾಲುವೆ ಮುಗಿಯುವಲ್ಲಿ ಒಂದು ಇಟ್ಟಿಗೆ ಕಾರ್ಖಾನೆ ಇತ್ತು. ಕೆಲಸ ನಿಂತು, ಇಟ್ಟಿಗೆ ಒಣಗಿಸುವ ಉದ್ದನೆಯ ಚಪ್ಪರಗಳು ಖಾಲಿ ಬಿದ್ದಿದ್ದವು. ಹತ್ತಿರದ ಶಾಲೆಯಲ್ಲಿ ನೂರಾರು ನಿರಾಶ್ರಿತರಿದ್ದರು. ಅವರ ಮಕ್ಕಳಿಗೆ ಹಾಲು ಬೇಕಿತ್ತು. “ಶಿಬಿರಕ್ಕೆ ಯಾಕಮ್ಮ ಹೋಗ್ತೀರಿ, ಇಲ್ಲೇ ಇರಿ” ಎಂದ ಕಾರ್ಖಾನೆಯ ಯಜಮಾನ. ಮೊಂಡಿಗೂ ಮುಂದೆ ನಡೆಯುವ ಶಕ್ತಿ ಇರಲಿಲ್ಲ. ಇದ್ದರು. ವಾರ ಎಂದುಕೊಂಡದ್ದು ಐದು ತಿಂಗಳಾಯಿತು. ಅವರು ದಾಟಿದ ಹನ್ನೊಂದು ದಿನಕ್ಕೇ ಸೇತುವೆಯನ್ನು ಮುಚ್ಚಿದ್ದರು.

ಹೊಸ ವಿಳಾಸ ಹಾಕಿ ಸೊಸೆ ಗಂಡನಿಗೆ ಕಾಗದ ಬರೆಯುವಾಗ ಅತ್ತೆ ಪಕ್ಕದಲ್ಲೇ ಕೂತು ಹೇಳುತ್ತಿದ್ದಳು. “ಮೊಂಡಿಯ ಗೊರಸಿಗೆ ಡಾಂಬರು ಹಚ್ಚಿದ್ದೀವಿ ಅಂತ ಬರಿ. ಬಿಳಿಗಾಲಿಯ ಕರು ಹೋಯ್ತು ಅಂತ ಬರೀಬೇಡ. ಚುಕ್ಕಿ ಹಾಲು ಜಾಸ್ತಿ ಮಾಡಿದಾಳೆ ಅಂತ ಬರಿ.” ಹಾಳೆ ತುಂಬುತ್ತಿತ್ತು. ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗ ಉಳಿಯುತ್ತಿತ್ತು. ಅಲ್ಲಿ ಏನು ಬರೆಯಬೇಕೆಂದು ಅವಳಿಗೆ ತೋಚುತ್ತಿರಲಿಲ್ಲ. ‘ನಾನು ಚೆನ್ನಾಗಿದ್ದೇನೆ’ ಎಂದು ಬರೆದು ಮಡಿಸುತ್ತಿದ್ದಳು.

ಹನ್ನೆರಡು ಕಾಗದ ಹೋದವು. ಒಂದಕ್ಕೂ ಉತ್ತರ ಬರಲಿಲ್ಲ. ಒಂದು ಮಳೆಯ ಮಧ್ಯಾಹ್ನ ಸೊಸೆ ಹಾಲಿನ ಬಕೆಟ್ಟಿನ ಪಕ್ಕದಲ್ಲಿ ಕೂತು ಅತ್ತುಬಿಟ್ಟಳು. ಅತ್ತೆಗೆ ಅದೇಕೋ ಸಿಟ್ಟು ಬಂತು.

“ನೀನೇ ಹೀಗೆ ಅತ್ತರೆ ನಾನೇನು ಮಾಡಲಿ? ಇಪ್ಪತ್ತಾರು ವರ್ಷ ಸಾಕಿದೋಳು ನಾನು. ನಿನಗೆ ಎಂಟು ತಿಂಗಳು.”

“ಅದಕ್ಕೇ ಅಳ್ತಿರೋದು” ಎಂದಳು ಸೊಸೆ. “ನಿಮಗೆ ನೆನಪು ಮಾಡ್ಕೊಳ್ಳೋಕೆ ಇಪ್ಪತ್ತಾರು ವರ್ಷ ಇದೆ. ನನಗೆ ಏನಿದೆ ಹೇಳಿ?”

ಅತ್ತೆ ಎದ್ದಳು. ಚಪ್ಪರದ ಇನ್ನೊಂದು ತುದಿಗೆ ಹೋಗಿ ಹುಲ್ಲು ಹಾಕಿ ಬಂದಳು. ಬಂದು ಸೊಸೆಯ ಪಕ್ಕದಲ್ಲಿ ಕೂತು, ಯಾರೂ ಕೇಳದಿದ್ದರೂ ಶುರುಮಾಡಿದಳು. ಐದು ವರ್ಷದವನಿದ್ದಾಗ ಕೆನೆ ಯಂತ್ರದ ಬಟ್ಟಲಿಗೆ ತಲೆ ಹಾಕಿ ಸಿಕ್ಕಿಕೊಂಡದ್ದು, ಅವನಪ್ಪ ಕಿವಿಗೆ ಬೆಣ್ಣೆ ಸವರಿ ಹೊರಗೆಳೆದದ್ದು. ಅಂದಿನಿಂದ ದಿನಕ್ಕೊಂದು ಕತೆ ಹೇಳತೊಡಗಿದಳು. ತನ್ನ ಇಪ್ಪತ್ತಾರು ವರ್ಷದಲ್ಲಿ ಸೊಸೆಗೂ ಒಂದು ಪಾಲು ಕೊಡುವವಳ ಹಾಗೆ.

ಯುದ್ಧ ದೂರ ಸರಿದು ಸೇತುವೆ ತೆರೆದಾಗ ಉಳಿದ ಹನ್ನೊಂದು ಹಸುಗಳೊಡನೆ ಹಿಂದಿರುಗಿದರು. ಬೀದಿಯಲ್ಲಿ ಅಲ್ಲಲ್ಲಿ ಮನೆಗಳು ಕುಸಿದಿದ್ದವು. ತಮ್ಮದು ನಿಂತಿತ್ತು. ಅತ್ತೆ ಕೊಟ್ಟಿಗೆಯ ಬಾಗಿಲು ತಳ್ಳಿ, ಒಳಗೆ ಕಾಲಿಡದೆ ಹಾಗೇ ನಿಂತಳು.

ಅವರು ಅವಸರದಲ್ಲಿ ಬಿಟ್ಟುಹೋದ ಕೊಟ್ಟಿಗೆ ಅದಾಗಿರಲಿಲ್ಲ. ಗೋಡೆಗೆ ಸುಣ್ಣ ಹೊಡೆದಿತ್ತು. ನೆಲದ ಚಪ್ಪಡಿಗಳ ಸಂದಿಯಲ್ಲಿ ಕೂಡ ಸಗಣಿಯ ಗುರುತಿರಲಿಲ್ಲ. ಮುರಿದಿದ್ದ ಗೋದಲಿಗೆ ಹೊಸ ಹಲಗೆ ಬಡಿದಿತ್ತು. ಬಿಟ್ಟುಹೋದ ಕ್ಯಾನುಗಳನ್ನು ಬೆಳಗಿ ಸಾಲಾಗಿ ಬೋರಲು ಹಾಕಿತ್ತು. ಹದಿನಾಲ್ಕು ಗೂಟಗಳಿಗೆ ಹದಿನಾಲ್ಕು ಹೊಸ ಹಗ್ಗ. ಸೊಸೆ ಒಂದನ್ನು ಕೈಗೆ ತೆಗೆದುಕೊಂಡಳು. ಮೂರು ಎಳೆ, ತುದಿಯಲ್ಲಿ ಎಡಕ್ಕೆ ತಿರುಗಿದ ಗಂಟು. ಆ ಗಂಟನ್ನು ಹಾಗೆ ಹಾಕುವವನು ಒಬ್ಬನೇ.

“ಬಂದಿದಾರೆ” ಎಂದು ಅವಳು ಮನೆಯೊಳಗೆ ಓಡಿದಳು. ಅಡುಗೆಮನೆ, ಅಟ್ಟ, ಅಂಗಡಿ. ಯಾರೂ ಇರಲಿಲ್ಲ. ಎಲ್ಲೆಲ್ಲೂ ತಿಂಗಳುಗಟ್ಟಲೆಯ ಧೂಳು ಕೂತಿತ್ತು. ಗಡಿಯಾರದ ತಾತ ಕೋಲೂರಿಕೊಂಡು ಬಾಗಿಲಿಗೆ ಬಂದಿದ್ದ. ಅತ್ತೆ ಮತ್ತು ಸೊಸೆಯ ಮುಖ ನೋಡಿ, ಕೇಳುವ ಮೊದಲೇ ಹೇಳಿದ.

“ಬಂದಿದ್ದ ತಂಗಿ. ನೀವು ಹೋದ ಒಂಬತ್ತನೇ ದಿನ.”

ಹತ್ತು ದಿನದ ರಜೆ. ಬರುವುದಕ್ಕೆ ಎರಡು ದಿನ, ಹೋಗುವುದಕ್ಕೆ ಎರಡು ದಿನ. ಬಂದವನು ಬಾಗಿಲ ಮೇಲಿನ ಬರಹ ಓದಿ, ನೀರು ಕೂಡ ಕುಡಿಯದೆ ಸೈನ್ಯದ ಲಾರಿ ಹತ್ತಿ ಹೊಳೆಯಾಚೆ ಹೋದ. ಗುಮಾಸ್ತ ಹೇಳಿದ ದಾರಿಯಲ್ಲೇ, ಹೆದ್ದಾರಿಯ ಕೊನೆಯವರೆಗೂ. ಶಿಬಿರದಲ್ಲಿ ಸಾವಿರಾರು ದನ. ಅವುಗಳ ನಡುವೆ ಮೊಂಡೀ, ಚುಕ್ಕೀ ಎಂದು ಕೂಗುತ್ತ ಇಡೀ ದಿನ ತಿರುಗಿದ. ಯಾರೂ ಕಂಡಿರಲಿಲ್ಲ. ಮರುದಿನ ವಾಪಸ್ಸು ಬಂದ, ಅವರು ತಿರುಗಿ ಬಂದಿರಬಹುದೆಂದು. ಆಮೇಲೆ ಸೇತುವೆ ಮುಚ್ಚಿತು.

“ಉಳಿದ ನಾಲ್ಕು ದಿನ ಇಲ್ಲೇ ಇದ್ದ. ಸುಮ್ನೆ ಕೂತ್ಕೋ ಮಗನೇ ಅಂದ್ರೆ ಕೇಳ್ಲಿಲ್ಲ. ಬಂದ್ರೆ ಅವರಿಗೆ ಕೆಲಸ ಕಮ್ಮಿ ಆಗ್ಲಿ ತಾತ ಅಂತಿದ್ದ.”

ಅತ್ತೆ ಹೊಸಲಿನ ಮೇಲೆ ಕೂತುಬಿಟ್ಟಳು. ಸೊಸೆ ನಿಂತೇ ಕೇಳಿದಳು, “ಅವರು ಏನಾದ್ರೂ ಹೇಳಿದ್ರಾ ತಾತ? ಹಸುಗಳ ವಿಷಯ?”

“ಹಸು ವಿಷಯ ಒಂದು ಮಾತೂ ಎತ್ತಲಿಲ್ಲ ಕಣಮ್ಮ. ನಿನ್ನ ವಿಷಯಾನೇ. ಯಾವ ಹೊತ್ತಿಗೆ ಗಾಡಿ ತಳ್ಕೊಂಡು ಹೋಗ್ತಾಳೆ, ಏರು ಬಂದಾಗ ತಳ್ಳೋಕೆ ಯಾರಾದ್ರೂ ಕೈ ಜೋಡಿಸ್ತಾರಾ, ತೆಳ್ಳಗಾಗಿದಾಳಾ. ನಗ್ತಾಳಾ ಅಂತ ಕೇಳ್ದ. ನಾನು ಅಂದೆ, ಕಾಗದದಲ್ಲಿ ನೀನೇ ಕೇಳಬಾರದೇನೋ? ಅದಕ್ಕವನು, ಅಂಗಡೀಲಿ ನಿಂತು ಎಲ್ಲರ ಎದುರಿಗೆ ಓದ್ತಾಳಲ್ಲ ತಾತ, ಹೇಗೆ ಬರೀಲಿ ಅಂದ. ಹೋಗೋ ದಿನ ನಿನ್ನ ಗಾಡಿಯ ಹಿಡಿಗೆ ಬಟ್ಟೆ ಸುತ್ತಿ ಹೋದ. ಚಳೀಲಿ ಕಬ್ಬಿಣ ಕೈ ಕಚ್ಚುತ್ತೆ ಅಂತ.”

ಮುರುಕು ಎಂದು ಮನೆಯಲ್ಲೇ ಬಿಟ್ಟುಹೋಗಿದ್ದ ತಳ್ಳುಗಾಡಿ ಅಂಗಳದ ಮೂಲೆಯಲ್ಲಿತ್ತು. ಅದರ ಚಕ್ರವೂ ಸರಿಯಾಗಿತ್ತು. ಹಿಡಿಯ ಬಟ್ಟೆಯನ್ನು ನೋಡಿ ಸೊಸೆ ಅಲ್ಲಿಗೆ ಹೋಗಲಿಲ್ಲ.

“ಕಾಲುವೆ ದಾರಿ ಅಂದೋಳು ನಾನು” ಎಂದಳು, ಯಾರಿಗೋ ಎಂಬಂತೆ.

ಅತ್ತೆ ಆ ಮಾತಿಗೆ ಏನೂ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಕೆಲಸ ಮೊದಲಿನಂತೆಯೇ ನಡೆಯಿತು. ಹಾಲು ಕರೆದರು, ಸೋಸಿದರು, ಕೆನೆ ತೆಗೆದರು. ಬೇಕಾದಷ್ಟೇ ಮಾತು. ಹೆದ್ದಾರಿಯಲ್ಲಿ ಹೋಗಿದ್ದರೆ ಎಂಬುದು ಊಟದ ತಟ್ಟೆಗಳ ನಡುವೆ ಮೂರನೆಯವರಂತೆ ಕೂತಿರುತ್ತಿತ್ತು. ಅತ್ತೆ ಒಂದು ಸಲ ಬೈದುಬಿಡಲಿ ಎಂದು ಸೊಸೆ ಕಾಯುತ್ತಿದ್ದಳು. ಬೈದಿದ್ದರೆ ಅಳಬಹುದಿತ್ತು. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಅವನಿಗೆ ಉದ್ದನೆಯ ಕಾಗದ ಬರೆದಳು. ಆ ಸಲ ಅತ್ತೆಯನ್ನು ಕರೆಯಲಿಲ್ಲ. ನಗುತ್ತೇನೆ, ಆದರೆ ಕಡಿಮೆ, ಎಂದು ಶುರುಮಾಡಿ ನಾಲ್ಕು ಪುಟ ಬರೆದಳು. ಮೊಂಡಿಯ ಹೆಸರು ಕೂಡ ಅದರಲ್ಲಿರಲಿಲ್ಲ.

ಆ ಕಾಗದ ಎರಡು ತಿಂಗಳ ಮೇಲೆ ಒಡೆಯದೆಯೇ ಹಿಂದಕ್ಕೆ ಬಂತು. ಅದರ ಹಿಂದೆಯೇ ಇನ್ನೊಂದು, ಸೈನ್ಯದ ಕಚೇರಿಯಿಂದ. ಕಾಣೆಯಾಗಿದ್ದಾನೆ ಎಂದಿತ್ತು. ಸತ್ತಿದ್ದಾನೆ ಎಂದಿರಲಿಲ್ಲ. ಸೊಸೆ ಅದನ್ನು ಅಂಗಡಿಯಲ್ಲಿ ಓದಲಿಲ್ಲ. ಕೊಟ್ಟಿಗೆಗೆ ಹೋಗಿ, ಮೊಂಡಿಯ ಹಾಲು ಕರೆಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಓದಿದಳು. ಅತ್ತೆ ಕರೆಯುವುದನ್ನು ನಿಲ್ಲಿಸಲಿಲ್ಲ. ಹಾಲು ಬಕೆಟ್ಟಿಗೆ ಬೀಳುತ್ತಲೇ ಇತ್ತು. ನಾಲ್ಕೂ ಮೊಲೆ ಬರಿದಾದ ಮೇಲೂ ಅವಳ ಕೈ ಆಡುತ್ತಿತ್ತು. ಸೊಸೆ ಆ ಕೈ ಹಿಡಿದಳು.

“ನಾನು ಆವತ್ತು ಹೆದ್ದಾರಿ ಅಂದಿದ್ದರೆ...”

“ಹಗ್ಗ ಯಾರ ಕೈಲಿತ್ತು?” ಎಂದಳು ಅತ್ತೆ. ದನಿ ಒರಟಾಗಿತ್ತು. “ಬಲಕ್ಕೆ ಎಳೆದೋಳು ಯಾರು? ನಾನು. ನೀನು ಬರೀ ಹೇಳಿದೆ. ಇಷ್ಟು ದಿನ ಬಾಯಿ ಬಿಟ್ಟರೆ ಎಲ್ಲಿ ನಿನ್ನ ಮೇಲೆ ಹಾಕಿಬಿಡ್ತೀನೋ ಅಂತ ಸುಮ್ಮನಿದ್ದೆ ಕಣೇ. ಹಾಕಬೇಕು ಅಂತ ಎಷ್ಟು ಸಲ ಅನ್ನಿಸ್ತು ಗೊತ್ತಾ?”

ಅಂದು ಇಬ್ಬರೂ ಮೊಂಡಿಯ ಮಗ್ಗುಲಲ್ಲಿ ಕೂತು ಅತ್ತರು. ಒದೆಯುವುದಕ್ಕೆ ಹೆಸರಾದ ಹಸು ಕಾಲು ಕೂಡ ಕದಲಿಸಲಿಲ್ಲ.

ಯುದ್ಧ ಮುಗಿಯಿತು. ಬೀದಿಗೆ ಗಂಡಸರು ಒಬ್ಬೊಬ್ಬರಾಗಿ ಬಂದರು. ಕೈ ಕಳೆದುಕೊಂಡವನು, ಮಾತು ಕಳೆದುಕೊಂಡವನು, ಮೊದಲಿಗಿಂತ ದಪ್ಪಗಾಗಿ ಬಂದವನು. ಮೂರನೆಯ ವರ್ಷ ಅತ್ತೆಯೇ, “ನಿನಗಿನ್ನೂ ವಯಸ್ಸಿದೆ. ಯೋಚನೆ ಮಾಡು, ನಾನು ಅಡ್ಡ ಬರಲ್ಲ” ಎಂದಳು. ಸೊಸೆ ಯೋಚನೆ ಮಾಡಿದಳು. ಮಾಡಿಲ್ಲವೆಂದರೆ ಸುಳ್ಳು. ಗಾಡಿ ತಳ್ಳುತ್ತ ಯಾರದೋ ಮನೆಯಲ್ಲಿ ಗಂಡಸಿನ ಕೆಮ್ಮು ಕೇಳಿದರೆ, ಹಗ್ಗದ ಮೇಲೆ ಒಣಗುತ್ತಿರುವ ಅಂಗಿ ಕಂಡರೆ, ಒಂದು ಗಳಿಗೆ ಅಲ್ಲೇ ನಿಂತುಬಿಡುತ್ತಿದ್ದಳು. ಆದರೆ ಬೇಕಾದದ್ದು ಗಂಡಸಲ್ಲ. ನಗ್ತಾಳಾ ಎಂದು ಕೇಳಿದವನು. ಅವನು ಹಾಗೆ ಕೇಳಬಲ್ಲವನೆಂದು ತಿಳಿಯುವ ಹೊತ್ತಿಗೆ ಅವನಿರಲಿಲ್ಲ. ಎಂಟು ತಿಂಗಳು ಪಕ್ಕದಲ್ಲಿದ್ದವನಿಗಿಂತ, ತಾನು ನೋಡದ ಆ ನಾಲ್ಕು ದಿನದವನಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು.

ಹಾಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಚೊಂಬು ಹಾಲು ಹಿಡಿದು ಗಡಿಯಾರದ ತಾತನ ಅಂಗಡಿಗೆ ಹೋಗುವುದು ಅವಳ ಅಭ್ಯಾಸವಾಯಿತು. ಎಪ್ಪತ್ತು ಗಡಿಯಾರಗಳು ತಮತಮಗೆ ತೋಚಿದ ಸಮಯ ತೋರಿಸುತ್ತ ಟಿಕಟಿಕ ಎನ್ನುತ್ತಿದ್ದವು. ಅವುಗಳ ನಡುವೆ ಕೂತು ತಾತ ಆ ನಾಲ್ಕು ದಿನಗಳನ್ನು ಹೇಳುತ್ತಿದ್ದ. ಮೊದಮೊದಲು ಇದ್ದದ್ದನ್ನು ಇದ್ದಂತೆ ಹೇಳಿದ. ಅದು ಬೇಗ ಮುಗಿಯುತ್ತಿತ್ತು. ಅವಳು ಚೊಂಬು ಹಿಡಿದು ಕೂತೇ ಇರುತ್ತಿದ್ದಳು. ಎದುರು ಕೂತ ಆ ಮುಖ ನೋಡಿ ತಾತ ಇನ್ನೊಂದು ಮಾತು ಸೇರಿಸಿದ. ಮರುವಾರ ಮತ್ತೊಂದು. ನಿನ್ನ ಹೆರಳಿನ ಬಗ್ಗೆ ಹೇಳಿದ, ಹೆಣ್ಣುಮಗು ಆದರೆ ಏನು ಹೆಸರಿಡಬೇಕು ಅಂತ ಕೇಳಿದ, ಮಧ್ಯಾಹ್ನ ನಿನ್ನ ಚಾಪೆ ಮೇಲೇ ಮಲಗಿದ್ದ. ಐದಾರು ವರ್ಷ ಕಳೆಯುವಷ್ಟರಲ್ಲಿ ಆ ನಾಲ್ಕು ದಿನಗಳಲ್ಲಿ ಹದಿನೈದು ದಿನದ ಮಾತುಕತೆ ತುಂಬಿತ್ತು. ಯಾವುದು ಆದದ್ದು, ಯಾವುದು ತಾತನ ಕರುಣೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೂಂಗುಟ್ಟುತ್ತಿದ್ದಳು.

ಅತ್ತೆ ಒಮ್ಮೆಯೂ ಬಂದಿರಲಿಲ್ಲ. ಕೇಳಿ ಆಗಬೇಕಾದ್ದೇನು ಎನ್ನುತ್ತಿದ್ದಳು. ಒಂದು ದಿನ ಏನೂ ಹೇಳದೆ ಸೊಸೆಯ ಹಿಂದೆಯೇ ಬಂದು, ಸೆರಗಿನಿಂದ ಸ್ಟೂಲು ಒರೆಸಿ ಕೂತಳು. ಮಂಡಿನೋವಿನಿಂದ ಬಹಳ ಇಳಿದುಹೋಗಿದ್ದಳು. ತಾತನಿಗೆ ಇಬ್ಬರು ಕೇಳುವವರಾದದ್ದು ಖುಷಿಯಾಯಿತು. ಎಂದಿಗಿಂತ ಹುರುಪಿನಿಂದ ಹೇಳಿದ.

“ಕೊನೇ ದಿನ ಸುಣ್ಣ ಹೊಡೀತಾ ಹಾಡು ಶುರುಮಾಡಿದ ನೋಡು ತಂಗಿ. ಏನು ದನಿ ಅಂತೀಯ! ನಾನು ಕೆಲಸ ಬಿಟ್ಟು ಬಾಗಿಲಿಗೆ ಬಂದೆ.”

ಅವನು ಜನ್ಮದಲ್ಲಿ ಹಾಡಿದವನಲ್ಲ. ಹಾಡೆಂದರೆ ಮಾರು ದೂರ ಓಡುತ್ತಿದ್ದವನೆಂದು ಹೆತ್ತವಳಿಗೆ ಬೇರೆಯವರು ಹೇಳಬೇಕೆ? ಈಗ ಅತ್ತೆ ಎದ್ದು ನಿಂತು, ಮುದುಕನಿಗೆ ಅರಳುಮರಳು ಎಂದುಬಿಡುತ್ತಾಳೆ. ಅಲ್ಲಿಗೆ ಎಲ್ಲ ಮುಗಿಯುತ್ತದೆ. ಸೊಸೆ ಅತ್ತೆಯ ಕಡೆ ನೋಡಲಾರದೆ ಚೊಂಬಿನ ಹಾಲಿನ ಮೇಲೆ ಕಟ್ಟುತ್ತಿದ್ದ ಕೆನೆಯನ್ನು ನೋಡಿದಳು.

ಅತ್ತೆ ಮಂಡಿ ನೀವಿಕೊಂಡಳು.

“ಯಾವ ಹಾಡು ಅಣ್ಣ?” ಎಂದು ಕೇಳಿದಳು.

ತಾತ ಕನ್ನಡಕ ತೆಗೆದು, ಸೂರು ನೋಡುತ್ತ ನೆನಪು ಮಾಡಿಕೊಳ್ಳತೊಡಗಿದ. ಗೋಡೆಯಾಚೆ ಹಸುಗಳು ಹೊತ್ತಾಯಿತೆಂದು ಕೂಗಲು ಶುರುಮಾಡಿದ್ದವು. ಇಬ್ಬರಲ್ಲಿ ಯಾರೂ ಏಳಲಿಲ್ಲ.